ಹಿಂದಕ್ಕೆ ಓಡಿದ ಕುದುರೆ

ಕಳೆದ ರಜೆಯಲ್ಲಿ ಮಗಳು ಬೈಂದೂರಿನ ಲೈಬ್ರರಿಯಿಂದ ಒಂದು ಕಾದಂಬರಿ ತಂದಳು. ಚಿತ್ರಕಲಾ ಕಾಲೇಜಿನಲ್ಲಿ ಕಲಿಯುವ ಒಬ್ಬ ಹುಡುಗ, ಒಬ್ಬಳು ಹುಡುಗಿ, ಅವರ ಮೊದಲ ಪ್ರೀತಿ. ಎರಡು ದಿನ ಊಟದ ಬಟ್ಟಲಿನ ಪಕ್ಕದಲ್ಲೂ ಆ ಪುಸ್ತಕ ತೆರೆದೇ ಇತ್ತು. ಓದಿ ಮುಗಿಸಿ ನನಗೆ ಕೊಟ್ಟಳು, ನಾನೂ ಓದಿದೆ. ಆ ಕಾಲೇಜಿಗೆ ಎತ್ತರದ ಗಾಜಿನ ಕಿಟಕಿಗಳು. ಹುಡುಗ ಹುಡುಗಿಯ ಮುಖವನ್ನು ನೂರಾರು ಸಲ ಬರೆಯುತ್ತಾನೆ. ಅವಳು ಅವನಿಗೆ ಉದ್ದುದ್ದ ಪತ್ರ ಹಾಕುತ್ತಾಳೆ.

"ಅಮ್ಮ, ನಿಂದೂ ಅಪ್ಪಂದೂ ಹೀಂಗೇ ಇತ್ತಾ?" ಎಂದು ಕೇಳಿದಳು.

ಅವಳ ಅಪ್ಪ ನನ್ನ ಮುಖ ಬರೆದದ್ದು ಒಂದೇ ಒಂದು ಸಲ. ಅದರಲ್ಲಿರುವ ಮೂಗು ನನ್ನ ತಮ್ಮನದು. ಪತ್ರವಂತೂ ಇಬ್ಬರೂ ಬರೆದವರಲ್ಲ.

"ಇಲ್ಲೆ, ನಮ್ದ್ರಾಗೆ ಒಂದ್ ಕುದ್ರಿ ಇತ್ತ್" ಎಂದೆ.

ಅವಳು ಕಾಲು ಮಡಚಿ ಕುಳಿತಳು. ಅವಳ ಅಪ್ಪ ತೀರಿಹೋಗಿ ಈ ಮಳೆಗಾಲಕ್ಕೆ ಎರಡು ವರ್ಷ. ಅವರ ಮಾತು ಬಂದರೆ ಮನೆಯಲ್ಲಿ ದನಿ ತಗ್ಗಿಸುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಬಂದ ನೆಂಟರೂ ಹಾಗೇ ಮಾಡುತ್ತಿದ್ದರು. ಆ ದಿನ ಕುದುರೆಯ ಕತೆ ಹೇಳುತ್ತ ಹೇಳುತ್ತ ನಾವಿಬ್ಬರೂ ಎಷ್ಟು ನಕ್ಕೆವೆಂದರೆ, ಒಲೆಯ ಮೇಲಿದ್ದ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ಬರೆದಿಡು ಎಂದು ಅವಳೇ ಹೇಳಿದಳು. ನಾನು ಕಲಿತದ್ದು ಹತ್ತನೇ ಕ್ಲಾಸು, ಮತ್ತೆ ಎರಡು ವರ್ಷ ಚಿತ್ರ. ಗೊತ್ತಿದ್ದ ಹಾಗೆ ಬರೆದಿದ್ದೇನೆ.

ನಮ್ಮದನ್ನು ಕಾಲೇಜು ಎಂದು ಕರೆಯುತ್ತಿದ್ದವರು ನಾವು ಮಾತ್ರ. ಕುಂದಾಪುರ ಪೇಟೆಯ ಒಂದು ಹಂಚಿನ ಕಟ್ಟಡದ ಮಹಡಿ ಅದು. ಕೆಳಗೆ ಹಗ್ಗ, ಬಲೆಯ ನೂಲು ಮಾರುವ ಅಂಗಡಿ. ಎರಡು ವರ್ಷ ಕಲಿತು ಪರೀಕ್ಷೆ ಪಾಸಾದರೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಬಹುದು ಎಂದು ಯಾರೋ ಅಪ್ಪನಿಗೆ ಹೇಳಿದ್ದರು. ೧೯೯೭ರ ಮಳೆಗಾಲದಲ್ಲಿ ನಾನು ಬ್ರಹ್ಮಾವರದಿಂದ ಬಸ್ಸು ಹತ್ತಲು ಶುರುಮಾಡಿದೆ. ಕುಂಭಾಶಿಯಲ್ಲಿ ದೇವಸ್ಥಾನ ಬಂದಾಗ ಎಲ್ಲರ ಜೊತೆ ಕೈ ಎದೆಗೆ ಮುಟ್ಟಿಸಿಕೊಳ್ಳುವುದು, ಕೋಟೇಶ್ವರದಲ್ಲಿ ಸೀಟು ಸಿಗುವುದು, ಅಷ್ಟರಲ್ಲಿ ಇಳಿಯುವ ಹೊತ್ತಾಗುವುದು. ಕ್ಲಾಸಿನಲ್ಲಿ ಹನ್ನೊಂದು ಹುಡುಗರು, ಹುಡುಗಿಯರು ಇಬ್ಬರು. ಇನ್ನೊಬ್ಬಳು ಕೋಟೇಶ್ವರದವಳು. ಅವಳು ನಮ್ಮಿಬ್ಬರ ಪಾಲಿನದನ್ನೂ ತಾನೇ ಮಾತಾಡುತ್ತಿದ್ದಳು. ನಾನು ಹೌದು, ಅಲ್ಲ ಎನ್ನುವಷ್ಟರಲ್ಲೇ ದಿನ ಮುಗಿಸುವವಳು.

ಮಾಷ್ಟ್ರು ಒಬ್ಬರೇ. ಮಾದರಿಗೆಂದು ಮೇಜಿನ ಮೇಲೆ ತಂಬಿಗೆ, ತೆಂಗಿನಕಾಯಿ, ಕೆಲವೊಮ್ಮೆ ಒಂದು ಕಟ್ಟು ಬಸಳೆ ಇಡುತ್ತಿದ್ದರು. ಬಸಳೆ ಇಟ್ಟ ದಿನ ಬೇಗ ಮುಗಿಸಬೇಕು. ಸಂಜೆ ಅದು ಅವರ ಮನೆಯ ಪದಾರ್ಥಕ್ಕೆ ಹೋಗಬೇಕಿತ್ತು.

ಮಗಳ ಅಪ್ಪ ಬರುತ್ತಿದ್ದದ್ದು ಗಂಗೊಳ್ಳಿಯಿಂದ, ಹೊಳೆ ದಾಟಿಸುವ ದೋಣಿಯಲ್ಲಿ. ಅವರು ಎಂದು ಈಗ ಬರೆಯುತ್ತೇನೆ, ಆಗಲೂ ನೀವು ಎಂದೇ ಕರೆಯುತ್ತಿದ್ದೆ. ಆಗ ಅವರಿಗೆ ಹತ್ತೊಂಬತ್ತು, ನನಗೆ ಹದಿನೇಳು. ಅಕ್ಷರ ಬರೆಯಲು ಕುಳಿತರೆ ಅವರ ಕೈಗೆ ಸ್ಕೇಲು ಬೇಡ. ಕನ್ನಡವಿರಲಿ, ಇಂಗ್ಲಿಷಿರಲಿ, ಅಂಕಿಯಿರಲಿ, ಅಚ್ಚು ಹಾಕಿದ ಹಾಗೆ. ಆದರೆ ಪ್ರಾಣಿಗಳು ಬರುತ್ತಿರಲಿಲ್ಲ. ಅವರು ಬರೆದ ದನವನ್ನು ನೋಡಿ ಮಾಷ್ಟ್ರು, ಇದರ ಮೇಲೆ ಹಾಳೆ ಹಾಕಿ ನಾಲ್ಕು ಜನ ಊಟಕ್ಕೆ ಕುಳಿತುಕೊಳ್ಳಬಹುದು ಎಂದಿದ್ದರು. ನನ್ನದು ತದ್ವಿರುದ್ಧ. ದನ, ನಾಯಿ, ಕೋಳಿ ಎಲ್ಲ ಕಾಗದದ ಮೇಲೆ ತಾವಾಗಿ ಬಂದು ನಿಲ್ಲುತ್ತಿದ್ದವು, ಅಕ್ಷರಗಳು ಮಾತ್ರ ಗಾಳಿಗೆ ಸಿಕ್ಕಿದ ಬಾಳೆಯ ಹಾಗೆ ಒಂದೇ ಬದಿಗೆ ವಾಲುತ್ತಿದ್ದವು.

ಒಂದು ದಿನ ಅವರು ರಬ್ಬರು ಕೇಳಲು ಬಂದರು. ರಬ್ಬರು ವಾಪಸು ಕೊಡುವಾಗ, ನನ್ನ ಅಕ್ಷರದ ಹಾಳೆಯನ್ನು ತಾವು ಬರೆದುಕೊಡುವುದಾಗಿ ಹೇಳಿ, ತಮ್ಮ ದನವನ್ನು ನಾನು ಬರೆದುಕೊಡಬಹುದೇ ಎಂದು ಕೇಳಿದರು. ನಾನು ತಲೆಯಾಡಿಸಿದೆ. ನಮ್ಮ ಪ್ರೀತಿ ಶುರುವಾದದ್ದು ಹೀಗೆ ಕಳ್ಳ ಕೆಲಸದಿಂದ. ಮಾಷ್ಟ್ರಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಅವರ ದನಕ್ಕೆ ಹತ್ತರಲ್ಲಿ ಎಂಟು ಅಂಕ ಕೊಟ್ಟು, ನನ್ನ ಕಡೆ ಒಮ್ಮೆ ನೋಡಿ, ಮುಂದಿನ ಹಾಳೆ ತಿರುವಿದ್ದರು.

ಏಪ್ರಿಲ್ ಸೆಕೆಗೆ ಅವರು ಬಂದರಿನ ಐಸ್ ಪ್ಲಾಂಟಿನಿಂದ ಟಿಫಿನ್ ಡಬ್ಬಿಯಲ್ಲಿ ಐಸ್ ತುಂಬಿಸಿ ತರುತ್ತಿದ್ದರು, ನಮ್ಮ ಮಜ್ಜಿಗೆಗೆ ಹಾಕಲು. ದೋಣಿ ದಾಟಿ, ಪೇಟೆಯವರೆಗೆ ನಡೆದು ಬರುವಾಗ ಡಬ್ಬಿಯಲ್ಲಿ ಬರೀ ನೀರು. ಪ್ರತಿ ಸಲವೂ ಮುಚ್ಚಳ ತೆಗೆದು ಅದೇ ಆಶ್ಚರ್ಯ ಅವರಿಗೆ. ಕೋಟೇಶ್ವರದವಳು, ಮೀನಿನ ವಾಸನೆ ಮಾತ್ರ ಕರಗಲಿಲ್ಲ ನೋಡು ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ನಾನು ಆ ನೀರು ಕುಡಿಯುತ್ತಿದ್ದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಅವರ ಮುಖ ಸಪ್ಪಗಾಯಿತು. ಅವರ ತಂದೆ ಅವರು ಚಿಕ್ಕವರಿರುವಾಗಲೇ ತೀರಿಹೋಗಿದ್ದರು. ಸಾಕಿದವರು ಸೋದರಮಾವ. ಮಾವನಿಗೆ ಸ್ವಂತ ಬೋಟು ಇತ್ತು, ಗಂಡುಮಕ್ಕಳು ಇರಲಿಲ್ಲ. ಒಂದು ವರ್ಷ ಪೆನ್ಸಿಲ್ ಹಿಡಿದದ್ದು ಸಾಕು, ಇನ್ನು ಬೋಟಿಗೆ ಬರಲಿ ಎನ್ನುವುದು ಅವರ ಲೆಕ್ಕಾಚಾರ. ಅಜ್ಜಿ ನಡುವೆ ಬಾಯಿ ಹಾಕಿ ಒಂದು ಷರತ್ತಿಗೆ ಒಪ್ಪಿಸಿದ್ದರಂತೆ. ಮಾವ ಹೇಳಿದ್ದನ್ನು ಅವರು ಮಾವನ ದನಿಯಲ್ಲೇ ನಮಗೆ ಹೇಳಿ ತೋರಿಸಿದರು: "ಈ ಸಲ ಬೋಟಿಗ್ ಪೈಂಟ್ ನೀನೇ ಮಾಡ್ಕ್. ಎರಡೂ ಬದಿ ಕುದ್ರಿ ಬೇಕ್. ಲಾಯ್ಕ್ ಆರೆ ಶಾಲಿಗ್ ಹೋಗ್, ಇಲ್ದಿರೆ ಬೋಟಿಗ್ ಬಾ."

ಪಕ್ಕದ ಬೋಟಿನವರು ನವಿಲು ಬರೆಸಿದ್ದರು, ಅದಕ್ಕೇ ಮಾವನಿಗೆ ಕುದುರೆ ಬೇಕಿತ್ತು. ಹೆಸರು, ನಂಬರು, ಅಂಚಿನ ಪಟ್ಟೆ, ಇವು ಅವರಿಗೆ ನೀರು ಕುಡಿದ ಹಾಗೆ. ಕುದುರೆ ಎಂದರೆ ಮತ್ತೆ ಆ ಊಟದ ಮೇಜು. ಅವರು ಕೇಳುವ ಮೊದಲೇ ನಾನು ಬರೆಯುತ್ತೇನೆ ಎಂದೆ. ಅಷ್ಟು ಬೇಗ ನಾನು ಯಾವುದಕ್ಕೂ ಒಪ್ಪಿದವಳಲ್ಲ. ಅವರು ಬೋಟಿಗೆ ಹೋದರೆ ಕ್ಲಾಸಿಗೆ ಬರುವುದಿಲ್ಲ, ಬರದಿದ್ದರೆ ಹೊಳೆಯ ಆಚೆಯ ಒಬ್ಬರನ್ನು ಬ್ರಹ್ಮಾವರದ ನಾನು ನೋಡುವುದು ಎಲ್ಲಿ ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ನಿಜವಾದ ಕುದುರೆಯನ್ನು ನಾನು ನೋಡಿರಲಿಲ್ಲ. ಒಂದು ಕ್ಯಾಲೆಂಡರಿನ ಕುದುರೆ ನೋಡಿ, ಮುಂಗಾಲು ಎತ್ತಿ ಜಿಗಿಯುವ ಹಾಗೆ ದೊಡ್ಡ ಕಾಗದದಲ್ಲಿ ಬರೆದೆ. ಬೋರ್ಡು ಬರೆಯುವವರು ಮಾಡುವ ಹಾಗೆ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ ಸಣ್ಣ ಸಣ್ಣ ತೂತು ಮಾಡಿದೆ. ಈ ಕಾಗದವನ್ನು ಬೋಟಿಗೆ ಒತ್ತಿ ಹಿಡಿದು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯಿಂದ ಮೇಲೆ ತಟ್ಟಿದರೆ ತೂತಿನ ಮೂಲಕ ಪುಡಿ ಇಳಿದು ಕುದುರೆಯ ಆಕಾರ ಮೂಡುತ್ತದೆ. ಆಮೇಲೆ ಬಣ್ಣ ತುಂಬಿದರಾಯಿತು.

ಮಾಷ್ಟ್ರು ಒಂದು ಶನಿವಾರ ಎಲ್ಲರನ್ನೂ ಹೊರಗೆ ಕುಳಿತು ಚಿತ್ರ ಬರೆದು ತನ್ನಿ ಎಂದು ಬಿಟ್ಟರು. ಕೋಟೇಶ್ವರದವಳನ್ನು ಕರೆದುಕೊಂಡು ನಾನು ದೋಣಿ ಹತ್ತಿ ಗಂಗೊಳ್ಳಿಗೆ ಹೋದೆ. ಮಳೆಗಾಲದಲ್ಲಿ ಬೋಟುಗಳು ಸಮುದ್ರಕ್ಕೆ ಹೋಗುವುದಿಲ್ಲ. ಎಲ್ಲವನ್ನೂ ದಡಕ್ಕೆ ಎಳೆದು, ಮೇಲೆ ತೆಂಗಿನ ಮಡಲಿನ ಚಪ್ಪರ ಕಟ್ಟಿ, ಒಂದಕ್ಕೊಂದು ತಾಗುವ ಹಾಗೆ ನಿಲ್ಲಿಸಿದ್ದರು. ಮಾವನ ಬೋಟಿಗೆ ನೀಲಿ ಬಣ್ಣ ಬಳಿದು ಒಣಗಿ ವಾರವಾಗಿತ್ತು. ಬಲಗಡೆ ಜಾಗ ಧಾರಾಳ. ಎಡಗಡೆ ನವಿಲಿನ ಬೋಟು. ನಡುವೆ ಒಬ್ಬರು ಅಡ್ಡಡ್ಡ ನುಗ್ಗುವಷ್ಟು ಸಂದು.

ಬಲಗಡೆಯ ಕುದುರೆಯನ್ನು ಇಬ್ಬರೂ ಸೇರಿ ಮಾಡಿದೆವು. ಬಿಳಿ ಬಣ್ಣ ತುಂಬಿ, ಕುತ್ತಿಗೆಯ ಕೂದಲಿಗೆ ಕೆಂಪು ಎಳೆದಾಗ ಅದು ನಿಜಕ್ಕೂ ಸಮುದ್ರದ ಕಡೆ ಹಾರುವ ಹಾಗೆ ಕಂಡಿತು. ಆಮೇಲೆ ಅವರು ನಂಬರು ಬರೆಯಲು ಹಿಂದಕ್ಕೆ ಹೋದರು, ಕೋಟೇಶ್ವರದವಳು ಕಡಲೆ ತಿನ್ನುತ್ತ ಯಾರ ಜೊತೆಯೋ ಮಾತಿಗೆ ಕುಳಿತಳು. ನಾನೊಬ್ಬಳೇ ಕಾಗದ ಹಿಡಿದು ಎಡಗಡೆಯ ಸಂದಿಗೆ ನುಗ್ಗಿದೆ.

ಕಾಗದದ ಒಂದು ಮೈ ಇದ್ದಿಲ ಪುಡಿಯಿಂದ ಕಪ್ಪಾಗಿತ್ತು, ಇನ್ನೊಂದು ಚೊಕ್ಕ. ಕಪ್ಪು ಮೈಯನ್ನು ಅಷ್ಟು ಚಂದದ ನೀಲಿಗೆ ಒತ್ತಲು ಮನಸ್ಸು ಬರಲಿಲ್ಲ. ಚೊಕ್ಕ ಮೈಯನ್ನೇ ಒತ್ತಿ, ತಟ್ಟಿ, ಬಣ್ಣ ತುಂಬಿದೆ. ಹಿಂದಕ್ಕೆ ಸರಿದು ನೋಡಲು ಜಾಗ ಇರಲಿಲ್ಲ, ಮೂಗಿನ ತುದಿಯಲ್ಲೇ ಕುದುರೆಯ ಹೊಟ್ಟೆ. ಮಸಿ ಒಂದಿಷ್ಟೂ ತಾಗದ ಹಾಗೆ ಮುಗಿಸಿದೆ ಎಂಬ ಹೆಮ್ಮೆಯಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಅವರೂ ಸಂದಿಯೊಳಗೆ ಬಗ್ಗಿ ಒಂದು ಬಿಳಿ ಹೊಟ್ಟೆ ನೋಡಿ, ಲಾಯ್ಕಾಯ್ತು ಎಂದರು.

ಬುಧವಾರ, ಮಳೆಗಾಲದ ರಜೆ ಮುಗಿದು ಬೋಟು ನೀರಿಗೆ ಇಳಿಸುವ ದಿನ. ಪೂಜೆಗೆ, ಅವಲಕ್ಕಿಗೆ ಎಂದು ಅವರು ನನ್ನನ್ನೂ ಕೋಟೇಶ್ವರದವಳನ್ನೂ ಕರೆದಿದ್ದರು. ಹತ್ತು ಗಂಟೆಗೆ ದಡದಲ್ಲಿ ಅರ್ಧ ಗಂಗೊಳ್ಳಿ ಸೇರಿತ್ತು. ಮೊದಲು ನವಿಲಿನ ಬೋಟನ್ನು ಎಳೆದು ಆಚೆ ಸರಿಸಿದರು. ಆಗ ನಮ್ಮ ಬೋಟಿನ ಎಡಮೈ ಬಯಲಿಗೆ ಬಂತು.

ಬೋಟಿನ ಮುಖ ಸಮುದ್ರಕ್ಕಿತ್ತು. ಕುದುರೆಯ ಮುಖ ಊರಿಗಿತ್ತು.

ಎರಡೂ ಬದಿಯ ಚಿತ್ರ ಮುಂದಕ್ಕೇ ನೋಡಬೇಕು ಎನ್ನುವುದು ಅಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅದಕ್ಕಾಗಿ ಕಾಗದವನ್ನು ಮಗುಚಿ ಒತ್ತಬೇಕು. ಗದ್ದೆ ಬದಿಯಿಂದ ಬಂದ ನನಗೆ ಚಿತ್ರ ಎಂದರೆ ಗೋಡೆಯದು, ಗೋಡೆಗೆ ಮುಂದೆ ಹಿಂದೆ ಎಂದು ಇರುವುದಿಲ್ಲ.

"ಹ್ವಾಯ್, ನಿಮ್ಮ್ ಕುದ್ರಿ ಮನಿಗ್ ಹೊರ್ಟಿತ್ತ್ ಕಾಣಿ" ಎಂದು ಯಾರೋ ಹೇಳಿದರು. ಬುತ್ತಿ ಮರೆತು ಬಂದಿರಬೇಕು ಎಂದರು ಇನ್ನೊಬ್ಬರು. ಹಗ್ಗ ಹಿಡಿದವರೆಲ್ಲ ಹಗ್ಗ ಬಿಟ್ಟು ನಗತೊಡಗಿದರು. ಮೀನಿನ ಬುಟ್ಟಿ ಇಳಿಸಿ ನೋಡಲು ನಿಂತ ಹೆಂಗಸರು, ಬೋಟಿನ ಅರ್ಧ ಕಡಲಿಗೆ, ಅರ್ಧ ಊರಿಗೆ ಹೋಗುವುದಾದರೆ ಮೀನು ಯಾರ ಪಾಲಿಗೆ ಎಂದು ಚರ್ಚೆ ಶುರುಮಾಡಿದರು.

ಮಾವ ನಗಲಿಲ್ಲ. ದೊಡ್ಡ ಆಳು, ಸಣ್ಣ ದನಿ.

"ಯಾರ್ ಬರ್ದದ್ ಇದ್?"

"ನಾನೇ ಮಾವ" ಎಂದರು ಅವರು. ಒಂದು ಕ್ಷಣವೂ ತಡಮಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

"ಇಷ್ಟ್ ದಿನ ಶಾಲಿಗ್ ಹೋಯಿ ಇದನ್ನೇ ಕಲ್ತದ್ದಾ? ಸಾಕ್. ನಾಳಿಂದ ಬೋಟಿಗ್ ಬಾ."

ಅವರು ತಲೆ ತಗ್ಗಿಸಿದರು. ಬರೆದದ್ದು ನಾನೆಂದು ಹೇಳಿದರೆ, ಈ ಹುಡುಗಿ ಯಾರು, ಅವಳಿಗೇನು ಇಲ್ಲಿ ಕೆಲಸ ಎಂದು ದಡದ ತುಂಬ ಮಾತಾಗುತ್ತದೆ, ಬ್ರಹ್ಮಾವರಕ್ಕೂ ಮುಟ್ಟುತ್ತದೆ. ಹೇಳದಿದ್ದರೆ ಅವರು ನಾಳೆ ಬೋಟು ಹತ್ತುತ್ತಾರೆ. ಕೋಟೇಶ್ವರದವಳು ನನ್ನ ಮೊಣಕೈ ಹಿಡಿದುಕೊಂಡಳು. ಹೇಳು ಎಂದೋ, ಬೇಡ ಎಂದೋ ನನಗೆ ಇವತ್ತಿಗೂ ಗೊತ್ತಿಲ್ಲ, ಅವಳನ್ನು ಕೇಳಿದರೆ ಅವಳಿಗೂ ನೆನಪಿಲ್ಲ.

"ಅದ್ ಅವ್ರ್ ಬರ್ದದ್ ಅಲ್ಲ. ನಾನ್ ಬರ್ದದ್" ಎಂದೆ.

ಅಷ್ಟು ಜನರ ಎದುರು ನಾನು ಮಾತಾಡಿದ್ದು ಅದೇ ಮೊದಲು. ನನ್ನದೇ ದನಿ ಬೇರೆ ಯಾರದೋ ಹಾಗೆ ಕೇಳಿಸಿತು. ಮಾವ ತಿರುಗಿದರು. ಅವರ ಹಿಂದಿನಿಂದ ಅಜ್ಜಿ ಮುಂದೆ ಬಂದು ನನ್ನನ್ನು ಕಾಲಿನಿಂದ ತಲೆಯವರೆಗೆ, ಅಂಜಲ್ ಮೀನು ಆರಿಸುವ ಹಾಗೆ ನೋಡಿದರು. ಹೇಗಾಯಿತು ಎಂದು ಮಾವ ಕೇಳಿದರು. ಕಾಗದದ ಎರಡು ಮೈ, ಒಂದು ಕಪ್ಪು, ಒಂದು ಚೊಕ್ಕ, ಎಲ್ಲ ಹೇಳಿದೆ.

"ಮಸಿ ಆತ್ತ್ ಅಂದೇಳಿ ಕುದ್ರಿನ್ನೇ ತಿರ್ಗ್ಸಿದ್ಯಾ ಹೆಣ್ಣೇ?" ಎಂದು ಅಜ್ಜಿ ಕೇಳಿದರು. ಕೇಳಿ ಮುಗಿಸುವ ಮೊದಲೇ ಅವರಿಗೆ ನಗು ಬಂದು, ಅಲ್ಲೇ ಒಂದು ಮರದ ದಿಮ್ಮಿಯ ಮೇಲೆ ಕುಳಿತುಬಿಟ್ಟರು.

ಮಾವ ಹೊಳೆಯ ಕಡೆ ನೋಡಿದರು. ನೀರು ಪೂರ್ತಿ ಏರುವುದಕ್ಕೆ ಮೂರು ಗಂಟೆ ಇದೆ, ಅಷ್ಟರೊಳಗೆ ಅಳಿಸಿ ನೀನೇ ಸರಿಮಾಡಬೇಕು, ಅಳಿಯ ಬ್ರಷ್ ಮುಟ್ಟಕೂಡದು ಎಂದರು. ಮಳೆಯ ಥಂಡಿಗೆ ಕುದುರೆಯ ಬಣ್ಣ ನಾಲ್ಕು ದಿನವಾದರೂ ಸರಿಯಾಗಿ ಒಣಗಿರಲಿಲ್ಲ. ಚಿಮಿಣಿ ಎಣ್ಣೆಯ ಬಟ್ಟೆಯಿಂದ ತಿಕ್ಕಿದರೆ ಕಾಲು, ಬಾಲ, ಹೊಟ್ಟೆ ಒಂದೊಂದಾಗಿ ಎದ್ದು ಬಂತು. ಸಣ್ಣ ಮಳೆ ಶುರುವಾಯಿತು. ಅವರು ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಮೇಲೆ ಕೊಡೆ ಹಿಡಿದು ನಿಂತರು. ಈ ಸಲ ಕಾಗದ ಮಗುಚಿ ಕಪ್ಪು ಮೈ ಒತ್ತಿದೆ. ನಾನು ಹೆದರಿದ ಹಾಗೆಯೇ ಆಯಿತು, ಮಸಿ ನೀಲಿಯ ತುಂಬ ಹರಡಿ, ಬಿಳಿ ಬಣ್ಣದೊಳಗೆ ಸೇರಿ ಕುದುರೆ ಬೂದಿ ಬಣ್ಣಕ್ಕೆ ತಿರುಗಿತು.

ಬೆನ್ನ ಹಿಂದೆ ಇಡೀ ದಡ ನೋಡುತ್ತಿತ್ತು. ಕೊಡೆಯ ಕೆಳಗೆ ಅವರು ಮೆಲ್ಲಗೆ ಹೇಳಿದರು:

"ಸುಮ್ನೆ ಇಪ್ಪುದಲ್ದಾ ನೀವ್."

"ಸುಮ್ನೆ ಇದ್ದ್ ಇದ್ದ್ ಸಾಕಾಯ್ತ್" ಎಂದೆ.

ಕಾದಂಬರಿಯಲ್ಲಿ ಹುಡುಗ ಹುಡುಗಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಎರಡು ಪುಟ ಇದೆ. ನಮ್ಮದು ಇಷ್ಟೇ. ಮತ್ತೆ ಅದನ್ನು ಇಬ್ಬರೂ ಯಾವತ್ತೂ ಬಿಡಿಸಿ ಹೇಳಿಕೊಳ್ಳಲಿಲ್ಲ, ಬೇಕಾಗಲೂ ಇಲ್ಲ. ಆದರೆ ಅವರ ಕೊಡೆ ಪೂರ್ತಿ ನನ್ನ ಕಡೆ ಬಂದಿತ್ತು, ಬಣ್ಣದ ಡಬ್ಬಿಯೊಳಗೆ ಮಳೆ ಬೀಳುತ್ತಿತ್ತು.

ಮುಗಿಯುವಾಗ ಒಂದು ಗಂಟೆ. ಬೂದಿ ಬಣ್ಣಕ್ಕೆ ಮಾವ ಏನೆನ್ನುತ್ತಾರೋ ಎಂದು ನಾನು ಬ್ರಷ್ ಹಿಡಿದೇ ನಿಂತೆ. ಬೂದಿ ಕುದುರೆಗೂ ಕಾಲು ನಾಲ್ಕೇ ಇರುವುದು ಎಂದು ಅಜ್ಜಿ ತೀರ್ಪು ಕೊಟ್ಟರು. ಮಾವ ಎಡಕ್ಕೆ ನೋಡಿದರು, ಸುತ್ತಿ ಹೋಗಿ ಬಲಕ್ಕೆ ನೋಡಿದರು, ಹಿಂದೆ ಹೋಗಿ ನಂಬರು ನೋಡಿದರು. ಬಂದು ಅಳಿಯನ ಎದುರು ನಿಂತರು.

"ನೀ ಬೋಟಿಗ್ ಬಪ್ಪುದ್ ಬ್ಯಾಡ" ಎಂದರು. "ಸಮುದ್ರದಾಗೆ ಹಗ್ಗ ಯಾರ್ ಕೈಯಿಂದ ಜಾರ್ತೋ ಅವ್ನೇ ಹೇಳ್ಕ್, ಆಗ್ಲೇ ಹೇಳ್ಕ್. ನೀ ಬದಿಯವ್ನ ತಪ್ಪನ್ನೂ ನಂದೇ ಅಂಬೆ. ನಿನ್ನ ನಂಬ್ಕಂಡ್ ನಾ ಬಲಿ ಬಿಡುದ್ ಹ್ಯಾಂಗೆ? ಶಾಲಿಗೇ ಹೋಗ್."

ಬೈಗುಳವೋ ಆಶೀರ್ವಾದವೋ ಎಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮಾವ ನನ್ನ ಕಡೆ ತಿರುಗಿ, ನೀನು ಗಂಡಾಗಿದ್ದರೆ ಈ ಕೂಡಲೇ ಬೋಟಿಗೆ ಹತ್ತಿಸಿಕೊಳ್ಳುತ್ತಿದ್ದೆ ಎಂದು ಹೇಳಿ ಹಗ್ಗ ಹಿಡಿಯಲು ಹೋದರು. ಎಲ್ಲರೂ ಒಟ್ಟಾಗಿ ಎಳೆದರು, ಬೋಟು ಜಾರಿ ನೀರಿಗೆ ಕೂತಿತು. ಒಂದು ಬಿಳಿ, ಒಂದು ಬೂದಿ, ಎರಡೂ ಕುದುರೆ ಸಮುದ್ರಕ್ಕೆ ಮುಖ ಮಾಡಿದ್ದವು.

ಮೂರು ವರ್ಷದ ಮೇಲೆ ನನ್ನನ್ನು ಕೇಳಲು ಬ್ರಹ್ಮಾವರಕ್ಕೆ ಬಂದವರೂ ಆ ಮಾವನೇ. ಅಪ್ಪನಿಗೆ ಮೊದಲು ಮನಸ್ಸಿರಲಿಲ್ಲ. ಮಾವ ಕುದುರೆಯ ಕತೆ ಹೇಳಿದರು. ನಮ್ಮ ಮನೆಯ ಹುಡುಗಿ ಅಷ್ಟು ಜನರ ಎದುರು ಬಾಯಿ ಬಿಟ್ಟಳೆಂದರೆ ನಾನು ನಂಬುವುದಿಲ್ಲ ಎಂದರು ಅಪ್ಪ. ಅದನ್ನೇ ಮತ್ತೆ ಮತ್ತೆ ಕೇಳಿ ತಿಳಿದುಕೊಳ್ಳುವಷ್ಟರಲ್ಲಿ ಊಟದ ಹೊತ್ತಾಯಿತು, ಊಟಕ್ಕೆ ಕುಳಿತ ಮೇಲೆ ಬೇಡ ಎನ್ನುವುದು ಅಪ್ಪನಿಂದ ಆಗಲಿಲ್ಲ.

ಅವರಿಗೆ ಬೈಂದೂರಿನ ಹತ್ತಿರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ನಾನು ಮನೆಯಲ್ಲೇ ಸಣ್ಣ ಮಕ್ಕಳಿಗೆ ಚಿತ್ರ ಹೇಳಿಕೊಡತೊಡಗಿದೆ. ಅವರ ದನ ಕೊನೆಯವರೆಗೂ ಸುಧಾರಿಸಲಿಲ್ಲ. ಶಾಲೆಯಲ್ಲಿ ಪ್ರಾಣಿಗಳ ಪಾಠ ಬಂದರೆ ಹಿಂದಿನ ಸಂಜೆ ನಾನು ಬರೆದುಕೊಡಬೇಕಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಶಾಲೆಗೆ ಹೊರಟವರು ಎದೆ ನೋವು ಎಂದು ಜಗಲಿಯಲ್ಲಿ ಕುಳಿತರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ನಾನು ಬರೆದುಕೊಟ್ಟ ಆನೆ ಅವರ ಚೀಲದಲ್ಲಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮಗಳಿಗೆ ನಾನು ಹೇಳಿ ನಿಲ್ಲಿಸಿದ್ದು ಬೋಟು ಇಳಿಸಿದ ಮರುದಿನಕ್ಕೆ. ಆ ಬೆಳಿಗ್ಗೆ ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ಮಾವ ನಿನ್ನೆ ಜನರ ಎದುರು ಹಾಗೆ ಹೇಳಿರಬಹುದು, ಮನೆಗೆ ಹೋದ ಮೇಲೆ ಮನಸ್ಸು ಬದಲಿಸಿದ್ದರೆ? ಬೋಟುಗಳು ನಸುಕಿಗೇ ಹೊರಟಿರುತ್ತವೆ. ಅವರೂ ಅದರಲ್ಲಿ ಹೋಗಿದ್ದರೆ ನನಗೆ ತಿಳಿಸುವವರು ಯಾರು? ಬಸ್ಸು ಇಳಿದವಳು ಪೇಟೆಯಲ್ಲಿ ಎಲ್ಲೂ ನಿಲ್ಲದೆ ನಡೆದು, ಹಗ್ಗದ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದೆ.

ಕ್ಲಾಸಿನಲ್ಲಿ ಮಾಷ್ಟ್ರು ಇನ್ನೂ ಬಂದಿರಲಿಲ್ಲ. ಅವರು ಒಬ್ಬರೇ ಕುಳಿತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಹಾಗೇ ಇತ್ತು.

"ಬಂದ್ರಾ?" ಎಂದೆ.

"ಬಂದೆ" ಎಂದರು.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಮಾಷ್ಟ್ರೂ ಬಂದರು. ಆ ದಿನ ಮೇಜಿನ ಮೇಲೆ ಇಟ್ಟದ್ದು ಒಂದು ದೊಡ್ಡ ಸಿಹಿಗುಂಬಳ, ನಮ್ಮ ಕಡೆಯ ಚೀನಿಕಾಯಿ. ಮಧ್ಯಾಹ್ನದವರೆಗೂ ನಾವಿಬ್ಬರೂ ಅದನ್ನೇ ನೋಡಿ ಬರೆದೆವು.